ಟ್ರೂ ಕಾಪಿ

ಸಾಹೇಬರು ತೋರುಬೆರಳನ್ನು ನಾಲಗೆಗೆ ಒತ್ತಿ ತೇವ ಮಾಡಿಕೊಂಡು, ಮಜೀದಾ ಕೈಯಲ್ಲೇ ಬರೆದು ತಂದಿದ್ದ ಅಂಕಪಟ್ಟಿಯ ನಕಲುಗಳನ್ನು ಬಿಡಿಸಿದರು. ಮೊದಲನೆಯದರ ಮೂಲೆಯಲ್ಲೇ ಎಲೆಯಡಿಕೆ ಕವಳದ ಕೆಂಪು ಬೆರಳಚ್ಚು ಮೂಡಿತು.

ಲಾ ಕಾಲೇಜಿನ ಅರ್ಜಿಗೆ ಗೆಜೆಟೆಡ್ ಅಧಿಕಾರಿಯ ರುಜು ಬೇಕೆಂದು ಅವಳು ಬಾಳೆಹೊನ್ನೂರಿನಿಂದ ಬಸ್ಸು ಹತ್ತಿ ಕೊಪ್ಪಕ್ಕೆ ಬಂದದ್ದು ಇದು ಮೂರನೇ ಸಲ. “ಅಲ್ಲ ಮಾರಾಯ್ತಿ, ನಿಮ್ಮ ಪೈಕಿ ಹೆಣ್ಮಕ್ಳು ಕರಿಕೋಟು ಹಾಕ್ಕಂಡು ಕೋರ್ಟಲ್ಲಿ ನಿಲ್ಲೋದುಂಟಾ?” ಎಂದು ಕೇಳಿದ ಸಾಹೇಬರು, ಕವಳವನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿ ರುಜು ಹಾಕತೊಡಗಿದರು. ಹೋಲಿಸಿ ನೋಡಬೇಕಾದ ಮೂಲ ಅಂಕಪಟ್ಟಿ ಅವರ ಕವಳದ ಡಬ್ಬಿಯ ಅಡಿಯಲ್ಲಿ ಮಡಿಸಿದಂತೆಯೇ ಬಿದ್ದಿತ್ತು. ಕೈ ಕಾಗದದ ಮೇಲಿದ್ದರೆ ಕಣ್ಣು ಕಿಟಕಿಯಾಚೆ ಇತ್ತು.

“ಆಯ್ತಾ?”

“ಇನ್ನೊಂದಿದೆ ಸಾರ್,” ಎಂದಳು ಮಜೀದಾ. ಹೊರಗಿನ ಬೆಂಚಿನಲ್ಲಿ ಕಾಯುತ್ತಾ, ತೆರೆದ ಬಾಗಿಲಿನಿಂದ ಅವರ ಕೆಲಸ ನೋಡುತ್ತಾ ಬರೆದಿದ್ದ ಹಾಳೆಯನ್ನು ಚೀಲದಿಂದ ತೆಗೆದು ಮುಂದಿಟ್ಟಳು. ಸಾಹೇಬರು ಅದಕ್ಕೂ ರುಜು ಹಾಕಿದರು. ‘ಮೂಲದೊಂದಿಗೆ ಹೋಲಿಸಿ ನೋಡಿದ್ದೇನೆ, ಟ್ರೂ ಕಾಪಿ’ ಎಂಬ ಮೊಹರನ್ನು ಧಪ್ಪೆಂದು ಒತ್ತಿ, ಉಗುಳಲು ಕಿಟಕಿಯ ಕಡೆಗೆ ಎದ್ದುಹೋದರು.

ಆ ಹಾಳೆಯಲ್ಲಿ, ಮೊಹರಿನ ಮೇಲ್ಗಡೆ, ಅವಳ ಗುಂಡು ಅಕ್ಷರದಲ್ಲಿ ಎರಡೇ ಸಾಲಿತ್ತು: ‘ಒಂದು ರುಜುವಿಗೆ ನನ್ನನ್ನು ಮೂರು ಸಲ ಅಲೆಸಿದ ಈ ಅಧಿಕಾರಿ, ಯಾವ ಕಾಗದವನ್ನೂ ಓದದೆ ರುಜು ಹಾಕುತ್ತಾರೆ.’