ನೆಲಕ್ಕೆ ಬಿದ್ದರೂ ಒಡೆಯದ ರಿಮೋಟು

ಜಡೆಪ್ಪ ರಿಮೋಟನ್ನು ಎದೆಮಟ್ಟಕ್ಕೆ ಎತ್ತಿ ಕಡಪಾ ಕಲ್ಲಿನ ನೆಲದ ಮೇಲೆ ಬಿಟ್ಟ. ಅದು ಎರಡು ಹೋಳಾಯಿತು.

"ಇದು ಬ್ಯಾಡ," ಎಂದ. "ಇನ್ನೊಂದು ಕೊಡ್ರಿ."

"ಅಣ್ಣಾ, ಇದು ಆಟ ಆಡೋ ರಿಮೋಟು. ತೆಂಗಿನಕಾಯಿ ಅಲ್ಲ," ಎಂದ ಜಾವೇದ್.

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಜಾವೇದನದು ವಿಡಿಯೊ ಗೇಮ್ ಅಂಗಡಿ. ಅದಿರಿನ ಬೆಲೆ ಏರಿದಂತೆ ಅವನ ವ್ಯಾಪಾರವೂ ಏರಿತ್ತು. ಲಾರಿ ಇಟ್ಟವರೆಲ್ಲ ಗೋಡೆಯಷ್ಟು ದೊಡ್ಡ ಟಿವಿ ಕೊಳ್ಳುತ್ತಿದ್ದರು, ಟಿವಿಗೊಂದು ಆಟದ ಪೆಟ್ಟಿಗೆ, ಪೆಟ್ಟಿಗೆಗೆ ವೈರಿಲ್ಲದ ರಿಮೋಟು. ಅವರು ಕೇಳುತ್ತಿದ್ದದ್ದು ಬಣ್ಣ ಒಂದೇ. ಜಡೆಪ್ಪ ಮಾತ್ರ ಜೇಬಿನಿಂದ ಚೀಟಿ ತೆಗೆದ. ಅವನು ಕುರುಗೋಡಿನ ಲಾರಿ ಸಾವ್ಕಾರ ವಿರೂಪಾಕ್ಷಪ್ಪನವರ ಜೀಪಿನ ಡ್ರೈವರು.

"ನಡುವೆ ಗ್ವಾಡಿ ಇದ್ರೂ ಕೆಲಸ ಮಾಡಬೇಕು. ದೀಪ ಕಾಣಬಾರ್ದು. ಕೈಯಾಗ ಗುರ್ ಅಂತ ನಡುಗಬಾರ್ದು. ಬೆಂಕಿ ಬಾಜೂಕ ಇದ್ರೂ ಕೆಡಬಾರ್ದು, ಪುಡಿ ಒಳಗ ಹೋಗಬಾರ್ದು. ಗುಂಡಿ ಎಲ್ಲಾ ಎಡಗೈಗೇ ಬರಂಗ ಮಾಡಿಕೊಡಬೇಕು."

"ಎಡಗೈಗೆ ಯಾಕಣ್ಣ?"

"ಬಲಗೈಗೆ ಬ್ಯಾರೆ ಕೆಲಸ ಇರತೈತಿ."

ಜಾವೇದ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗೋಡೆ, ಬೆಂಕಿ, ಪುಡಿ, ಮರೆಯಲ್ಲಿ ಕೂತು ಒತ್ತುವ ಗುಂಡಿ. ಇದ್ಯಾವ ಆಟ? ಕದ್ದುಮುಚ್ಚಿ ಗುಡ್ಡ ಸಿಡಿಸುವವರ ಸುದ್ದಿ ಇಲ್ಲದೆ ಊರಿನಲ್ಲಿ ಯಾರಿಗೂ ಚಹಾ ಇಳಿಯದ ಕಾಲ ಅದು. ಹೋದ ತಿಂಗಳು ಪಕ್ಕದ ಬೀದಿಯ ಮೊಬೈಲ್ ಅಂಗಡಿಯವನು ಯಾರಿಗೋ ಏನೋ ಮಾರಿ, ಮೂರು ದಿನ ಠಾಣೆಯ ಬೆಂಚು ಕಾದು ಬಂದಿದ್ದ. ಅವನ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ.

"ಸಾವ್ಕಾರ್ರು ಆಡಾಕೇನು?"

ಜಡೆಪ್ಪ ರಸ್ತೆಯ ಕಡೆ ನೋಡಿ ದನಿ ಇಳಿಸಿದ. "ಸಾವ್ಕಾರ್ರಿಗೆ ಇದು ಗೊತ್ತಾಗಂಗಿಲ್ಲ ಭಾಯ್. ಐತ್ವಾರ ಹನ್ನೊಂದಕ್ಕ ಕೆಲಸ. ಒಂದ ಸಲ. ತಪ್ಪಿತಂದ್ರ ಒಂದು ಜೀವ ಹಾಳಾಗತೈತಿ."

ಎರಡನೆಯ ರಿಮೋಟಿನ ದೀಪ ಆರಿಸಲು ಬರಲಿಲ್ಲ. ಮೂರನೆಯದು ರಬ್ಬರಿನ ಹಿಡಿಯ ಗಟ್ಟಿ ಮಾಲು. ಯಾವ ಗುಂಡಿಗೆ ಯಾವ ಕೆಲಸವೆಂದು ನಾವೇ ಹೇಳಬಹುದು. ನಾಲ್ಕು ಸಲ ನೆಲಕ್ಕೆ ಬಿದ್ದರೂ ಅದಕ್ಕೇನೂ ಆಗಲಿಲ್ಲ. ಜಾವೇದ್ ಒಲ್ಲೆ ಎನ್ನಬೇಕೆಂದುಕೊಂಡ. ಜಡೆಪ್ಪನ ದಪ್ಪ ತೋಳು ನೋಡಿ ಹೆದರಿ, ಗುಂಡಿಗಳನ್ನೆಲ್ಲ ಎಡಕ್ಕೆ ಹೊಂದಿಸಿ ಕೊಟ್ಟ.

ಆಮೇಲೆ ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಒಂದು ತೀರ್ಮಾನಕ್ಕೆ ಬಂದ: ಹನ್ನೊಂದರೊಳಗೆ ಸಾವ್ಕಾರರಿಗೆ ಎಲ್ಲ ಹೇಳಿಬಿಡುವುದು. ಕುರುಗೋಡಿನ ಬಸ್ಸು ಹತ್ತಿದ.

ಮನೆ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ಬಾಗಿಲಲ್ಲೇ ನಿಂತಿದ್ದ ಜಡೆಪ್ಪ ಅವನನ್ನು ಕಂಡು ಬಿಳಿಚಿಕೊಂಡ, ತುಟಿಯ ಮೇಲೆ ಬೆರಳಿಟ್ಟ. ಒಳಗಿನಿಂದ ವಿರೂಪಾಕ್ಷಪ್ಪನವರ ದನಿ ಮೊಳಗಿತು.

"ಬಾರೋ ಜಾವೇದ್! ಪೆಟ್ಟಿಗಿ ಮಾರಿದಾಂವ ನೀನು, ಸಾಕ್ಷಿನೂ ನೀನ ಆಗು. ನನ್ನ ಮಗಳು ನನ್ನ ಕೂಡ ಕಾರ್ ರೇಸ್ ಆಡ್ತಾಳಂತ. ಗೆದ್ರ ಬಳ್ಳಾರಿಗೆ ಇಂಜಿನಿಯರಿಂಗ್ ಓದಾಕ ಹೋಗ್ಲಿ. ಸೋತ್ರ ಸಿರುಗುಪ್ಪದ ರೈಸ್ ಮಿಲ್ಲಿನ ವರ."

ಸೋಫಾದ ತುದಿಯಲ್ಲಿ ಕೂತಿದ್ದ ಸೌಂದರ್ಯಳ ಮುಖದಲ್ಲಿ ರಕ್ತವಿರಲಿಲ್ಲ. ಪುಸ್ತಕ ಬಿಟ್ಟು ಬೇರೇನೂ ಮುಟ್ಟಿದವಳಲ್ಲ. ಅಪ್ಪ ಈ ಶರತ್ತು ಹಾಕಿದ್ದೇ ಅದಕ್ಕೆ. ಅವರಾದರೋ ಈವರೆಗೆ ಸೋತವರೇ ಅಲ್ಲ. ಅವರೊಡನೆ ಆಡುತ್ತಿದ್ದವರೆಲ್ಲ ಅವರಿಂದಲೇ ಸಂಬಳ ತೆಗೆದುಕೊಳ್ಳುವವರು. ಹುಡುಗಿಯನ್ನು ನೋಡಿ ಜಾವೇದನಿಗೆ ಸಂಕಟವಾಯಿತು.

"ಸಾವ್ಕಾರ್ರೆ, ಅದಕ್ಕೂ ಮೊದ್ಲ ಒಂದು ಮಾತು..."

"ಆಟ ಮುಗೀಲಿ, ಕುಂದ್ರು!"

ಜಡೆಪ್ಪ ಅವನ ಭುಜ ಒತ್ತಿ ಕೂರಿಸಿದ. ಗಡಿಯಾರ ಹನ್ನೊಂದು ಹೊಡೆಯಿತು.

"ಏ ಇವಳೇ, ಬಾ! ಮಗಳು ಸೋಲೋದು ನೋಡೀವಂತಿ," ಎಂದು ಕೂಗಿದರು ವಿರೂಪಾಕ್ಷಪ್ಪ.

"ಮಿರ್ಚಿ ಭಜಿ ಎಣ್ಣ್ಯಾಗ ಅದಾವ್ರಿ. ಇಲ್ಲಿ ಕಿಟಕ್ಯಾಗಿಂದನ ನೋಡ್ತೀನಿ," ಎಂದರು ಪಡಸಾಲೆಗೆ ತೆರೆದ ಅಡುಗೆಮನೆಯ ಕಿಟಕಿಯ ಹಿಂದಿನಿಂದ ಅವರ ಹೆಂಡತಿ ದಾಕ್ಷಾಯಣಮ್ಮ.

ಕಾರುಗಳು ಹೊರಟವು. ಜಾವೇದನ ಕಣ್ಣು ಟಿವಿಯ ಮೇಲಿದ್ದರೂ ಕಿವಿಯೆಲ್ಲ ಹೊರಗಿತ್ತು. ಯಾವ ಗೋಡೆ ಹಾರುತ್ತದೆ? ತಾನು ಮಾರಿದ ರಿಮೋಟು ಯಾರ ಕೈಯಲ್ಲಿದೆ? ಅಪ್ಪ ಮಗಳ ಕೈಯಲ್ಲಿದ್ದದ್ದು ಪೆಟ್ಟಿಗೆಯ ಜೊತೆ ಬಂದ ಹಳೆಯವು. ಎರಡು ಸುತ್ತು ವಿರೂಪಾಕ್ಷಪ್ಪನವರೇ ಮುಂದಿದ್ದರು, ನಗುತ್ತಲೂ ಇದ್ದರು. ಮೂರನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಮಗಳ ಕಾರು ಒಳಗಿನಿಂದ ನುಗ್ಗಿ, ಅಪ್ಪನ ಕಾರನ್ನು ತಡೆಗೋಡೆಗೆ ಒರಗಿಸಿ, ಗೆರೆ ದಾಟಿತು.

ವಿರೂಪಾಕ್ಷಪ್ಪನವರ ಕೈಯಿಂದ ರಿಮೋಟು ಜಾರಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಅವರು ಬಗ್ಗಿ ಹೋಳುಗಳನ್ನು ಹೆಕ್ಕಿದರು.

"ಮಾತಂದ್ರ ಮಾತು," ಎಂದು ಕೊನೆಗೆ ಎದ್ದರು. "ಓದವಾ." ಸಿರುಗುಪ್ಪಕ್ಕೆ ಫೋನು ಮಾಡಲು ಅಂಗಳಕ್ಕೆ ಹೋದರು. ಬಾಗಿಲಲ್ಲಿ ಜಡೆಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ.

ಏನೂ ಸಿಡಿದಿರಲಿಲ್ಲ. ಜಾವೇದ್ ಹಗುರಾಗಿ ಉಸಿರು ಬಿಟ್ಟ. "ಭಾಳ ಚಂದ ಆಡಿದಿ ಅವ್ವಾ," ಎನ್ನುತ್ತ ಸೌಂದರ್ಯ ಪಕ್ಕಕ್ಕಿಟ್ಟ ರಿಮೋಟನ್ನು ಸೋಫಾದ ಮೇಲಿಂದ ಎತ್ತಿಕೊಂಡ. ಅದೂ ಹಗುರಾಗಿತ್ತು. ತಿರುಗಿಸಿ ನೋಡಿದ. ಒಳಗೆ ಬ್ಯಾಟರಿಯೇ ಇರಲಿಲ್ಲ.

ದಾಕ್ಷಾಯಣಮ್ಮ ಮಿರ್ಚಿಯ ತಟ್ಟೆಯನ್ನು ಅವನ ಮುಂದಿಟ್ಟು, ಬಗ್ಗಿ ಮೆಲ್ಲಗೆ ಹೇಳಿದರು: "ಮಾಲು ಗಟ್ಟಿ ಐತಿ ತಮ್ಮಾ, ದಿನಾ ಅವ್ರು ಮೈನ್ಸಿಗೆ ಹೋದ ಮ್ಯಾಲೆ ನಾ ಆಡ್ತಿದ್ದ ರಿಮೋಟಿಗಿಂತ ಚಲೋ, ಆದ್ರ ಎಡಗೈಯಾಗ ಅವ್ರನ್ನ ಸೋಲಿಸೋದ್ರಾಗ ಬಲಗೈಯಾಗಿನ ನಾಕು ಮಿರ್ಚಿ ಕರಕಾದವು ನೋಡು."