ಎಣಿಕೆ ಗುಮಾಸ್ತನ ತಪ್ಪೊಪ್ಪಿಗೆ

"ಒಬ್ಬ ಮನುಷ್ಯನ ಜೀವ ತೆಗೆದಿದ್ದೀನಿ, ಅಮ್ಮಾ," ಎಂದ ಗುಮಾಸ್ತ, ಕುರ್ಚಿಯಲ್ಲಿ ಕೂರುವ ಮೊದಲೇ.

ಶಾಸಕಿ ಓದುತ್ತಿದ್ದ ಕಡತದಿಂದ ತಲೆ ಎತ್ತಿದರು. ಎದುರಿಗೆ ನಿಂತವನು ಇಪ್ಪತ್ತೆಂಟು ವರ್ಷ ಸದನದ ಮತ ಎಣಿಸಿದವನು. ಎಲ್ಲರ ಬಾಯಲ್ಲೂ ಅವನ ಹೆಸರು 'ತಕ್ಕಡಿ'. ಮನೆಯಲ್ಲಿ ಬಟಾಣಿ ಸುಲಿದರೂ ಎಣಿಸಿಯೇ ಪಾತ್ರೆಗೆ ಹಾಕುತ್ತಾನೆಂದು ಹೆಂಡತಿ ನಗುತ್ತಿದ್ದಳು. ನಾಳೆ ಅವನಿಗೆ ಬೀಳ್ಕೊಡುಗೆ. 'ಒಂದೂ ತಪ್ಪಿಲ್ಲದ ಸೇವೆ' ಎಂದು ಕೆತ್ತಿದ ಫಲಕ ಸಭಾಧ್ಯಕ್ಷರ ಕೋಣೆಯಲ್ಲಿ ಸಿದ್ಧವಾಗಿತ್ತು. ಬೆಳಿಗ್ಗೆ ಅದನ್ನು ಕಣ್ಣಾರೆ ಕಂಡವನೇ ನೇರ ಇಲ್ಲಿಗೆ ಬಂದಿದ್ದ.

"ಯಾರ ಜೀವ?"

"ಆ ಲಾರಿ ಡ್ರೈವರ್‌ದು."

ಶಾಸಕಿ ಕಡತ ಮುಚ್ಚಿದರು. "ಕೂತ್ಕೊಳ್ಳಿ," ಎಂದರು. ಅವನು ಕೂರಲಿಲ್ಲ.

ಕಳೆದ ವರ್ಷದ ಮಾತು. ಗಲ್ಲುಶಿಕ್ಷೆಯನ್ನು ರದ್ದು ಮಾಡುವ ಮಸೂದೆಯನ್ನು ಸದನಕ್ಕೆ ತಂದವರು ಈ ಶಾಸಕಿಯೇ. ಹತ್ತು ವರ್ಷ ಅದಕ್ಕಾಗಿ ಊರೂರು ಸುತ್ತಿ, ಕಂಡಕಂಡವರ ಬಾಗಿಲು ತಟ್ಟಿದ್ದರು. ಸದನದಲ್ಲಿದ್ದವರು ಅರವತ್ತೊಂದು ಸದಸ್ಯರು. ಜೀವದ ಪ್ರಶ್ನೆ ಬಂದರೆ ಮತ ಗುಟ್ಟಾಗಿರಬೇಕೆಂಬುದು ಅಲ್ಲಿನ ಹಳೆಯ ನಿಯಮ. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಪೆಟ್ಟಿಗೆಗೆ ಮಣಿ ಹಾಕಬೇಕು. ಒಪ್ಪಿಗೆಗೆ ಹಸಿರು, ವಿರೋಧಕ್ಕೆ ನೀಲಿ. ಶಾಸಕಿಯೂ ಸೇರಿ ಮೂವತ್ತೊಂದು ಜನ ಮೊದಲೇ ಬೆಂಬಲಿಸಿ ಸಹಿ ಹಾಕಿದ್ದರು. ಒಂದೇ ಮತದಿಂದಲಾದರೂ ಮಸೂದೆ ಗೆಲ್ಲಬೇಕಿತ್ತು.

ಗುಮಾಸ್ತ ಎಣಿಸಿದ. ಹಸಿರು ಮೂವತ್ತು. ನೀಲಿ ಮೂವತ್ತೊಂದು.

ಸದನದಲ್ಲಿ ಗದ್ದಲವೋ ಗದ್ದಲ. "ಮತ್ತೆ ಎಣಿಸಿ!" ಎಂದು ಹಿಂದಿನ ಸಾಲಿನವರು ಮೇಜು ಗುದ್ದಿದರು. ಆದರೆ ಮರು ಎಣಿಕೆ ಕೇಳುವ ಹಕ್ಕು ಮಸೂದೆ ತಂದವರಿಗೆ ಮಾತ್ರ. ಶಾಸಕಿ ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು.

"ನಮ್ಮ ಗುಮಾಸ್ತರ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಎಣಿಕೆ ಸರಿಯಾಗಿದೆ."

ಅಷ್ಟೇ ಹೇಳಿ ಕುಳಿತರು. ಮಣಿಗಳು ಚೀಲ ಸೇರಿದವು. ಇಂಥ ಸೋಲಿನಲ್ಲೂ ತನ್ನ ಮಾನ ಕಾದರಲ್ಲ ಎಂದು ಗುಮಾಸ್ತ ಮನೆಗೆ ಹೋಗಿ ಹೆಂಡತಿಗೆ ಹೇಳಿದ.

ಹತ್ತೊಂಬತ್ತನೆಯ ದಿನ ಡ್ರೈವರನ್ನು ಗಲ್ಲಿಗೇರಿಸಿದರು. ಅವನು ನರ್ಸ್ ಒಬ್ಬಳನ್ನು ಕೊಂದಿದ್ದ, ತಾನೇ ಒಪ್ಪಿಕೊಂಡಿದ್ದ. ಆ ಹೊತ್ತಿಗೆ ಶಿಕ್ಷೆಗೆ ಕಾದಿದ್ದವನು ಅವನೊಬ್ಬನೇ. ಸಹಿ ಹಾಕಿದ ಮೂವತ್ತೊಂದು ಜನರೂ ಹಸಿರನ್ನೇ ಹಾಕಿದ್ದಾಗಿ ಆಣೆ ಇಟ್ಟರು. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡು ಗುಮಾಸ್ತ ಸುಮ್ಮನಾದ.

ಆಮೇಲೆ ಅವನ ಕಣ್ಣಿಗೆ ಪೊರೆ ಬಂದದ್ದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿಚ್ಚಿದ ದಿನ ವಾರ್ಡಿನ ಕಿಟಕಿಯತ್ತ ನೋಡಿ ಮಗಳನ್ನು ಕೇಳಿದ, "ಇಲ್ಲಿದ್ದ ಹಸಿರು ಪರದೆ ಯಾವಾಗ ಬದಲಾಯಿಸಿದ್ರು?"

"ಬದಲಾಯಿಸಿಲ್ಲಪ್ಪ. ಅದು ಮೊದಲಿಂದಲೂ ನೀಲಿನೇ."

ಮಗಳು ಸುಮ್ಮನೆ ಹೇಳಿದ ಮಾತು. ಗುಮಾಸ್ತನಿಗೆ ಸದನದ ಮಣಿಗಳು ನೆನಪಾದವು.

ಅವನು ಆಸ್ಪತ್ರೆಯಲ್ಲಿದ್ದ ವಾರವೇ ಶಾಸಕಿ ಮಸೂದೆಯನ್ನು ಮತ್ತೆ ಸದನಕ್ಕೆ ತಂದಿದ್ದರು. ಅದೇ ಅರವತ್ತೊಂದು ಸದಸ್ಯರು. ಎಣಿಸಿದವನು ಮಾತ್ರ ಬೇರೆಯವನು, ಒಬ್ಬ ಯುವಕ. ಹಸಿರು ಮೂವತ್ತೊಂದು. ಮಸೂದೆ ಕಾನೂನಾಯಿತು. ಗುಮಾಸ್ತನಿಗೆ ಇನ್ನೇನು ಪುರಾವೆ ಬೇಕಿತ್ತು? ಎಳೆಯ ಕಣ್ಣಿಗೆ ಕಂಡದ್ದು ತನ್ನ ಕಣ್ಣಿಗೆ ಕಂಡಿರಲಿಲ್ಲ. ಹಸಿರು ನೀಲಿ ಎರಡೂ ಕಲಸಿಹೋದ ಆ ಕಣ್ಣು ಒಂದು ಹಸಿರನ್ನು ನೀಲಿ ಎಂದು ಓದಿತ್ತು.

ಡ್ರೈವರನ ಹೆಂಡತಿ ಒಂದು ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದಳು. ಗುಮಾಸ್ತ ನಾಲ್ಕು ಸಲ ಆ ಬೀದಿಗೆ ಹೋದ. ನಾಲ್ಕು ಸಲವೂ ಎದುರಿನ ಗೋಡೆಗೆ ಒರಗಿ ನಿಂತು, ಅವಳು ಬಗ್ಗಿಸಿದ ತಲೆಯನ್ನು ನೋಡಿ ವಾಪಸು ಬಂದ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಹೆಂಡತಿ ಕೇಳಿದರೆ ಹಲ್ಲುನೋವು ಎನ್ನುತ್ತಿದ್ದ.

ಈಗ ಅವನು ಜೇಬಿನಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟ.

"ಎಲ್ಲಾ ಬರೆದಿದ್ದೀನಿ. ನಾಳೆ ಫಲಕ ಕೊಡೋಕೆ ಮುಂಚೆ ಇದನ್ನ ಸಭಾಧ್ಯಕ್ಷರ ಕೈಗೆ ಕೊಡ್ತೀನಿ. ಆಮೇಲೆ ಆ ಹೆಣ್ಣುಮಗಳ ಹತ್ತಿರ ಹೋಗ್ತೀನಿ. ನಿಮ್ಮ ಗಂಡನ್ನ ಉಳಿಸ್ಬೇಕು ಅಂತ ಸದನ ಹೇಳಿತ್ತು, ಕೊಂದಿದ್ದು ನಾನು ಅಂತೀನಿ."

ಶಾಸಕಿ ಪತ್ರವನ್ನು ಎರಡು ಸಲ ಓದಿದರು.

"ಇದನ್ನ ಕೊಡಬೇಡಿ."

"ನನ್ನ ಮೇಲೆ ಕನಿಕರ ಬೇಡ ಅಮ್ಮಾ. ಆವತ್ತೂ ನೀವೇ ನನ್ನನ್ನ ಕಾಪಾಡಿದ್ರಿ. ಮರು ಎಣಿಕೆ ಕೇಳಿದ್ದಿದ್ರೆ ಅವನು ಬದುಕ್ತಿದ್ದ. ನನ್ನನ್ನ ನಂಬಿ ಕೆಟ್ರಿ."

ಅವನು ಬಗ್ಗಿ ಅವರ ಪಾದಕ್ಕೆ ಕೈ ಚಾಚಿದ. ಕೆಂಡ ತಾಗಿದವರಂತೆ ಶಾಸಕಿ ಕಾಲು ಹಿಂದಕ್ಕೆಳೆದುಕೊಂಡರು.

"ಮುಟ್ಟಬೇಡಿ! ಏಳಿ ಮೇಲೆ."

ಅವನು ಎದ್ದ. ಶಾಸಕಿ ಕಿಟಕಿಯ ಕಡೆಗೆ ತಿರುಗಿ ನಿಂತರು. ಕೆಳಗೆ ಬೀದಿಯಲ್ಲಿ ಬಸ್ಸೊಂದು ಬಂದು ಜನರನ್ನಿಳಿಸಿ ಹೋಯಿತು.

"ಅವನು ಕೊಂದ ನರ್ಸ್ ಇದ್ದಳಲ್ಲ," ಎಂದರು, "ನಮ್ಮಮ್ಮ ಹಾಸಿಗೆ ಹಿಡಿದಾಗ ಎರಡು ವರ್ಷ ಅವಳೇ ನೋಡಿಕೊಂಡಳು. ಹೇಲು ಉಚ್ಚೆ ಎಲ್ಲಾ ಅವಳೇ ಬಳಿದಳು. ನನ್ನನ್ನ ಅಕ್ಕಾ ಅಂತಿದ್ದಳು. ಸದನದಲ್ಲಿ ಯಾರಿಗೂ ಗೊತ್ತಿಲ್ಲ."

ಗುಮಾಸ್ತ ಕೈಮುಗಿದ. "ಅಂಥ ಸಂಕಟ ನುಂಗಿಕೊಂಡು ಅವನ ಜೀವಕ್ಕೆ ಹಸಿರು ಹಾಕಿದ್ರಲ್ಲ ಅಮ್ಮಾ! ನಾನು ಅದನ್ನೂ ಹಾಳು ಮಾಡಿದೆ."

"ಇಲ್ಲ, ನೀವು ಸರಿಯಾಗೇ ಎಣಿಸಿದ್ದಿರಿ," ಎಂದರು ಶಾಸಕಿ, ತಿರುಗಿ ನೋಡದೆ. "ಅವನೊಬ್ಬ ಹೋಗಲಿ, ಕಾನೂನು ಆಮೇಲೆ ಬರಲಿ ಅಂತ ನೀಲಿ ಹಾಕಿದವಳು ನಾನು."