ಎಡಗಾಲಿನ ಶೂ

"ಬೇಗ ಟೇಪ್ ಸುತ್ತಮ್ಮ, ಆಗಲೇ ಕರೀತಿದಾರೆ," ಎಂದರು ಕೋಚ್.

ಫಿಸಿಯೊ ಸುತ್ತಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಕ್ಯಾಪ್ಟನ್ ಹುಡುಗಿಯ ಎಡಮಂಡಿ ಊದಿ ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ಬರೀ ಬೆರಳಿಟ್ಟಿದ್ದಕ್ಕೇ ಹುಡುಗಿ ತುಟಿ ಕಚ್ಚಿಕೊಂಡಳು. ಉಳಿದವರೆಲ್ಲ ಆಗಲೇ ಅಂಗಣಕ್ಕೆ ಇಳಿದಿದ್ದರು.

"ಸರ್, ಒಳಗೆ ಏನೋ ಹರಿದಿದೆ. ಇವಳು ಫೈನಲ್ ಆಡೋ ಹಾಗಿಲ್ಲ."

"ನೋವನ್ನ ಬೆಂಚ್ ಮೇಲೆ ಕೂರಿಸು, ನೀನು ಆಡು ಅಂತ ನಿನಗೆ ಕಲಿಸಿದ್ದೇ ನಾನು. ಈಗ ನನಗೇ ಪಾಠ ಹೇಳೋಕೆ ಬಂದ್ಯಾ?"

ಆ ಮಾತು ಅವರ ಬಾಯಿಂದ ಬಂದರೆ ಕಾಲೇಜೇ ಚಪ್ಪಾಳೆ ತಟ್ಟುತ್ತದೆ. ಜೂನಿಯರ್ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ಅವರೇ ಅನ್ನುವಷ್ಟು ಹೆಸರು. ಅವರು ಕೆಲಸಕ್ಕೆ ಸೇರಿದ ಮೇಲೆ ಕಪ್ಪು ಬೇರೆ ಕಾಲೇಜಿನ ಮುಖ ನೋಡಿದ್ದೇ ಕಡಿಮೆ. ಮುಂದಿನ ವಾರ ನಿವೃತ್ತಿ. ಇವತ್ತೊಂದು ಗೆದ್ದುಬಿಟ್ಟರೆ ಬೀಳ್ಕೊಡುಗೆಯ ದಿನ ಅದನ್ನೂ ಪಕ್ಕದಲ್ಲಿಟ್ಟುಕೊಂಡು ಬೀಗಬಹುದು. ಅವರು ಗೆದ್ದ ಕಪ್ಪುಗಳ ಲೆಕ್ಕ ಜವಾನನಿಗೂ ಬಾಯಿಪಾಠ. ಮಂಡಿಗಳ ಲೆಕ್ಕ ಮಾತ್ರ ಯಾವ ಪುಣ್ಯಾತ್ಮನೂ ಇಟ್ಟಿಲ್ಲ.

ಫಿಸಿಯೊ ಕೂಡ ಒಂದು ಕಾಲಕ್ಕೆ ಅವರ ಕ್ಯಾಪ್ಟನ್ನೇ. ಇಂಥದೇ ಫೈನಲ್, ಬೆವರು ನಾರುವ ಇದೇ ಕೋಣೆ. ಅವತ್ತು ಕೋಚ್ ತಾವೇ ಕೂತು ಅವಳ ಮಂಡಿಗೆ ಟೇಪ್ ಸುತ್ತಿದ್ದರು. ಕಪ್ಪು ಬಂತು. ಆಮೇಲೆ ಅವಳು ಓಡಲೇ ಇಲ್ಲ, ಬಸ್ಸು ಕಣ್ಣೆದುರೇ ಹೊರಟರೂ ಓಡಲಿಲ್ಲ.

"ಅಕ್ಕಾ, ನೀವೂ ಆಡಿದ್ರಲ್ಲ?" ಹುಡುಗಿ ಗೋಗರೆದಳು. "ಕಾರಿಡಾರ್‌ನಲ್ಲಿ ನಿಮ್ಮ ಫೋಟೊ ಇದೆ. ಕಪ್ ಎತ್ತಿ ಹಿಡಿದು ಎಷ್ಟು ಚೆನ್ನಾಗಿ ನಗ್ತಿದೀರ! ನನಗೂ ಅಂಥದೊಂದು ಬೇಕು."

ಫಿಸಿಯೊಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಆ ಗೋಡೆಯ ಮೇಲೆ ಹಲ್ಲು ಕಿರಿದುಕೊಂಡು ಎಷ್ಟು ಹುಡುಗಿಯರನ್ನು ಹೀಗೆ ಕರೆದಿದ್ದಾಳೋ ತಾನು!

"ಆ ಫೋಟೊ ಸೊಂಟದವರೆಗೆ ಮಾತ್ರ ಇದೆ ಕಣೇ. ನನ್ನ ಕಾಲು ನೆಲದ ಮೇಲೇ ಇರ್ಲಿಲ್ಲ. ನಿಲ್ಲೋಕೆ ಆಗ್ದೆ ಬೀಳ್ತಿದ್ದೆ, ಇಬ್ಬರು ಕೆಳಗಿಂದ ಎತ್ತಿ ಹಿಡಿದಿದ್ರು. ಅದನ್ನೆಲ್ಲ ಕತ್ತರಿಸಿ ಫ್ರೇಮ್ ಹಾಕ್ಸಿದಾರೆ."

ಹುಡುಗಿ ಕೋಚ್ ಮುಖ ನೋಡಿದಳು. ಕೋಚ್ ಗಡಿಯಾರ ನೋಡಿದರು.

"ಸಾಕು ನಿನ್ನ ಪುರಾಣ! ಕೊಡು ಇಲ್ಲಿ." ಫಿಸಿಯೊ ಕೈಯಿಂದ ಟೇಪ್ ಕಿತ್ತುಕೊಂಡು, ಹುಡುಗಿಯ ಮುಂದೆ ಕುಕ್ಕರಿಸಿ ತಾವೇ ಸುತ್ತತೊಡಗಿದರು. ಪಳಗಿದ ಕೈ. ಒಂದು ಸುಕ್ಕಿಲ್ಲ, ಒಂದು ಮಡಿಕೆಯಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ತುಂಬಿದ್ದು ಮಾತ್ರ ಅವರಿಗೆ ಕಾಣಲಿಲ್ಲ.

"ಹ್ಞೂಂ, ಆಯ್ತು. ಶೂ ಹಾಕ್ಕೋ, ಪುಟ್ಟಿ."

ಹುಡುಗಿ ಬೆಂಚಿನ ಕೆಳಗೆ ಕೈಯಾಡಿಸಿದಳು. ಬಲಗಾಲಿನದು ಕಾಲಲ್ಲೇ ಇತ್ತು. ಎಡಗಾಲಿನದು ಎಲ್ಲೂ ಸಿಗಲಿಲ್ಲ.

ಬಾಗಿಲ ಬಳಿ ಫಿಸಿಯೊ ನೆಲದ ಮೇಲೆ, ತನ್ನ ಚೀಲದ ಮೇಲೆ ಭದ್ರವಾಗಿ ಕೂತಿದ್ದಳು. ಒಂದು ಕಾಲು ಮಡಚದೆ ನೆಟ್ಟಗೆ ಮುಂದಕ್ಕೆ ಚಾಚಿತ್ತು. ಚೀಲದ ಬಾಯಿಂದ ಶೂ ಲೇಸು ಇಣುಕುತ್ತಿತ್ತು.

ಹೊರಗೆ ಸೀಟಿ ಕೇಳಿಸಿತು.

"ಆ ಶೂ ಕೊಡು!" ಕೋಚ್ ಅರಚಿದರು. "ಇಷ್ಟು ವರ್ಷ ಕಟ್ಟಿದ್ದನ್ನೆಲ್ಲ ಒಂದೇ ದಿನದಲ್ಲಿ ಹಾಳು ಮಾಡ್ತೀಯಾ? ಏಳೇ ಮೇಲೆ!"

"ಏಳೋಕೆ ಆಗಲ್ಲ ಸರ್," ಎಂದಳು ಫಿಸಿಯೊ. "ನೀವೇ ಟೇಪ್ ಸುತ್ತಿದ ಮಂಡಿ ಇದು. ನೆಲಕ್ಕೆ ಕೂತ್ರೆ ಈಗಲೂ ಇಬ್ಬರು ಬಂದು ಎತ್ತಬೇಕು."

ಬೆಂಚಿನ ಕಡೆಯಿಂದ ಪರ್ರೆಂದು ಸದ್ದು ಬಂತು. ಹುಡುಗಿ ಟೇಪ್ ಕೀಳುತ್ತಿದ್ದಳು.